ಹದಿನೈದು ದಿವಸದ ಕಾರ್ಡು, ಮೂರು ತಿಂಗಳ ಹಾಸಿಗೆ



ಮಹಾಲಿಂಗಪುರದಂಥ ಬೆಲ್ಲದ ಪೇಟೆಯಲ್ಲಿ ರೇಟಿನ ಮಾತು ದಿನಾ ನಡೆಯುತ್ತದೆ. ಇವತ್ತು ದವಾಖಾನೆಯ ಲೆಕ್ಕ ಮಾತಾಡೋಣ. ನಿಮ್ಮ ಸಾಲದ ಚೀಟಿ ತೆಗೆದು ನೋಡ್ರಿ, ಬೀಜ-ಗೊಬ್ಬರದ ಮಗ್ಗುಲಿಗೇ ಅದೂ ಕುಂತೈತಿ.

ಹೊಲದಾಗ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ಒಬ್ಬನ ತೊಡೆಯ ಎಲುಬು ಮುರೀತು ಅನ್ನಿ. ಬಿಪಿಎಲ್ ಕುಟುಂಬಕ್ಕೆ, 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ, ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಉಂಟು. ಎಪಿಎಲ್ ಆದರೆ ಪ್ಯಾಕೇಜಿನ ಶೇಕಡಾ 30 ಮಾತ್ರ. ಆಪರೇಶನ್ ಆಯಿತು, ರಾಡು ಹಾಕಿದರು, ಮನೆಗೆ ಕಳಿಸಿದರು. ಮುಂದೆ?

ಆಯುಷ್ಮಾನ್ ಪ್ಯಾಕೇಜಿನಲ್ಲಿ ಮನೆಗೆ ಬಂದ ಮೇಲಿನ 15 ದಿವಸದ ಔಷಧಿ, ತಪಾಸಣೆಯೂ ಸೇರಿರುತ್ತವೆ. ಇದು ಎಷ್ಟೋ ಮಂದಿಗೆ ಗೊತ್ತಿಲ್ಲ. ರೊಕ್ಕ ಕೊಟ್ಟು ಗುಳಿಗಿ ತರತಾರ. ಡಿಸ್ಚಾರ್ಜ್ ಕಾಗದ ಇಸಕೊಳ್ಳುವಾಗಲೇ ಬಾಯಿ ಬಿಟ್ಟು ಕೇಳ್ರಿ. ಅದೇನು ದಾನ ಅಲ್ಲ.

ಆದರೆ ಮುರಿದ ತೊಡೆ ಹದಿನೈದು ದಿವಸಕ್ಕೆ ಕೂಡತದೇನು? ಮೂರು ತಿಂಗಳಾದರೂ ಬೇಕು. ಕಾಲು ಮಡಿಸಿ ಚಾಚುವ ವ್ಯಾಯಾಮ, ವಾಕರು, ಬಾಗಲಕೋಟೆಗೋ ಬೆಳಗಾವಿಗೋ ಮತ್ತೆ ಮತ್ತೆ ಗಾಡಿ ಬಾಡಿಗೆ, ಎಲ್ಲಾ ನಿಮ್ಮ ಕೈಯಿಂದಲೇ. ನೋಡಿಕೊಳ್ಳಲಿಕ್ಕೆ ಹೆಂಡತಿ ಕೂಲಿ ಬಿಡುತ್ತಾಳೆ. ಆ ಕೂಲಿಯನ್ನು ಯಾವ ಕಾರ್ಡು ತುಂಬಿಕೊಡುತ್ತದೆ? ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ 2018ರಲ್ಲಿ ನಿಂತು, 2022ರಲ್ಲಿ ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿಯಂತೆ ಮರಳಿತು. ಒಳ್ಳೆಯದೇ. ಅದೂ ಆಪರೇಶನ್ ಕೋಣೆಯ ಲೆಕ್ಕವೇ ಹೊರತು ಮನೆಯ ಹಾಸಿಗೆಯದಲ್ಲ.

ಉಳಿದದ್ದು ಕಬ್ಬಿನ ಬಿಲ್ಲು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿವಸದೊಳಗೆ ಬಿಲ್ಲು ಬರಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15 ಬಡ್ಡಿ. ಬಿಲ್ಲು ತಡವಾದರೆ ನೀವು ದಲಾಲಿ ಅಂಗಡಿಯ ಮೆಟ್ಟಿಲು ಹತ್ತಲೇಬೇಕು. ಅವನ ಬಡ್ಡಿ ಮಾತ್ರ ಒಂದು ದಿವಸವೂ ತಡ ಮಾಡುವುದಿಲ್ಲ. ಬೆಲೆ ಆಯೋಗದ ಖರ್ಚಿನ ಲೆಕ್ಕ ನೋಡ್ರಿ: ಮನೆಮಂದಿಯ ದುಡಿಮೆಗೆ ಕೂಲಿ ಹಿಡಿಯುತ್ತಾರೆ, ಬೇಸಾಯದ ಸಲಕರಣೆಯ ರಿಪೇರಿಯನ್ನೂ ಹಿಡಿಯುತ್ತಾರೆ. ದುಡಿಯುವ ಮೈಯ ರಿಪೇರಿ ಹಿಡಿಯುವುದಿಲ್ಲ!

ಕಾರ್ಡಿನ 15 ದಿವಸ 90 ಆಗಬೇಕು. ವ್ಯಾಯಾಮ ಮಾಡಿಸುವವರು ವಾರಕ್ಕೊಮ್ಮೆಯಾದರೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಬೇಕು. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಚಹಾ ಕುಡಿದು ಎದ್ದು ಬರಬ್ಯಾಡ್ರಿ. ಈ ಠರಾವು ಬರೆಸಿ, ಸಹಿ ಹಾಕಿಸಿ ಬರ್ರಿ.