ಒಲೆಯ ಮುಂದೆ ಎಚ್ಚರ



ಎಲ್ಲಾದರೂ ಬೆಂಕಿ ಬಿತ್ತು ಅಂದರೆ ನಾವು ಮೊದಲು ಕೇಳೋದು, ‘ಎಷ್ಟು ನಷ್ಟವಾಯಿತು?’ ಅಂತ. ಮನೆ ಉಳಿದು ಮೈ ಸುಟ್ಟವರ ಸುದ್ದಿ ಕೇರಿ ದಾಟುವುದಿಲ್ಲ. ಈ ಹೊತ್ತು ಆ ಮಾತು ಆಡೋಣ.

ಬಚ್ಚಲೊಲೆಯಿಂದಲೇ ಶುರುಮಾಡೋಣ. ಮಳೆಗಾಲದಲ್ಲಿ ತೆಂಗಿನ ಮಟ್ಟೆ, ಗರಿ ನೆನೆದಿರುತ್ತವೆ. ಊದಿ ಊದಿ ಸಾಕಾಗುತ್ತದೆ. ಹಿಂದೆ ಒಂದಿಷ್ಟು ಸೀಮೆಎಣ್ಣೆ ಸುರಿಯುತ್ತಿದ್ದರು, ಅದೂ ತಪ್ಪೇ. ಈಗ ಅದು ಸಿಗೋದು ಅಪರೂಪ. ಹಾಗಾಗಿ ಔಷಧಿ ಹೊಡೆಯುವ ಮೆಷಿನ್ನಿಗೆ ತಂದಿಟ್ಟ ಪೆಟ್ರೋಲಿಗೇ ಕೈ ಹಾಕುವವರಿದ್ದಾರೆ. ಬೇಡ! ಪೆಟ್ರೋಲಿನ ಆವಿಯೇ ಹತ್ತಿಕೊಳ್ಳುವ ವಸ್ತು. ಸುರಿಯುತ್ತಿದ್ದಂತೆಯೇ ಉರಿ ಹಿಂದಕ್ಕೆ ಓಡಿ ಡಬ್ಬಿಯ ಬಾಯಿಗೆ ಬರುತ್ತದೆ. ಸುಡೋದು ಮುಖ, ಕೈ, ಎದೆ. ಬೇಸಗೆಯಲ್ಲೇ ನಾಲ್ಕು ಮೂಟೆ ಒಣಕರಟ ಕಟ್ಟಿ, ಒಲೆಯಿಂದ ದೂರ ಇಟ್ಟುಕೊಂಡರೆ ಈ ಗೋಜೇ ಇಲ್ಲ.

ಪಾಲಿಯೆಸ್ಟರ್ ಸೀರೆ ಅಗ್ಗ, ಒಗೆಯೋಕೂ ಸುಲಭ, ನಿಜ. ಆದರೆ ಕಿಡಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಒಲೆ ಮುಂದೆ ಹತ್ತಿ ಬಟ್ಟೆ ಉಡಿ. ಹತ್ತಿಯೂ ಉರಿಯುತ್ತದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಲೇಬೇಕು. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡಿ, ನೆಲದ ಮೇಲೆ ಹೊರಳಿ. ಕಂಡವರು ಕಂಬಳಿ ಸುತ್ತಲಿ.

ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ರಾತ್ರಿ ವಾಸನೆ ಬಂದರೆ ದೀಪದ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ರಬ್ಬರ್ ಕೊಳವೆಯನ್ನು 5 ವರ್ಷಕ್ಕೊಮ್ಮೆ ಬದಲಿಸಿ. ಇಲಿ ಕಡಿದಿದ್ದರೆ ಆ ದಿನವೇ.

ಇನ್ನು ಸುಟ್ಟ ಮೇಲಿನ ಮಾತು. ‘ನಮ್ಮಜ್ಜಿ ಬೆಣ್ಣೆ ಹಚ್ಚುತ್ತಿದ್ದರು’ ಅಂತೀರಿ. ಬೆಣ್ಣೆ, ಅರಿಸಿನ, ಹಲ್ಲುಪುಡಿ, ಯಾವುದೂ ಬೇಡ. ಬಳೆ, ಉಂಗುರ ಊತ ಬರುವ ಮೊದಲೇ ತೆಗೆದು, ಸುಟ್ಟ ಕಡೆ 20 ನಿಮಿಷ ತಣ್ಣೀರು ಹರಿಯಬಿಡಿ. ಅಂಟಿದ ಬಟ್ಟೆ ಕೀಳಬೇಡಿ, ಬೊಬ್ಬೆ ಒಡೆಯಬೇಡಿ. ಎಸರಿನ ಪಾತ್ರೆ ಎಳೆದುಕೊಂಡ ಮಗುವಿಗೂ ಇದೇ ಮದ್ದು. ಮೈಗೆ ಚಳಿ ಹತ್ತದಂತೆ ಮಾತ್ರ ನೋಡಿಕೊಳ್ಳಿ. ಶುಭ್ರವಾದ ಬಟ್ಟೆ ಹೊದಿಸಿ 108ಕ್ಕೆ ಕರೆಮಾಡಿ.

ಕೊಟ್ಟಿಗೆಗೆ ಬೆಂಕಿ ಬಿದ್ದಾಗ ದನ ಬಿಚ್ಚಲು ನುಗ್ಗಿ ಹೊಗೆಗೆ ಸಿಕ್ಕಿ ಬೀಳುವವರೂ ಉಂಟು. ಕರುಳು ಕೇಳೋದಿಲ್ಲ, ಗೊತ್ತು. ಅದಕ್ಕೇ ಹೇಳೋದು: ಇವತ್ತು ಸಂಜೆಯೇ ಹಗ್ಗವನ್ನು ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ ಕಟ್ಟಿ. ಹುಲ್ಲಿನ ಮೆದೆಯನ್ನೂ ಮನೆಯಿಂದ ದೂರವೇ ಒಟ್ಟಿ.