ಮುರಿಯದ ರೆಕ್ಕೆ



ಬೇಸಿಗೆಯಲ್ಲಿ ನಮ್ಮ ಹೊಳೆಗಳ ಮರಳುದಿಬ್ಬಗಳ ಮೇಲೆ ಒಂದು ಪುಟ್ಟ ಗೊರವ ಓಡಾಡುತ್ತಿರುತ್ತದೆ. ಕೊರಳಿಗೆ ಕಪ್ಪು ಪಟ್ಟಿ, ಕಣ್ಣಿನ ಸುತ್ತ ಹಳದಿ ಉಂಗುರ. ಗುಬ್ಬಿಗಿಂತ ತುಸು ದೊಡ್ಡದಾದ ಈ ಹಕ್ಕಿಗೆ ಕೊಂಬೆಯ ಆಸರೆಯಿಲ್ಲ, ಪೊಟರೆಯಿಲ್ಲ. ಬರಿನೆಲದಲ್ಲಿ ಒಂದು ಸಣ್ಣ ಗುಳಿ. ಅದರಲ್ಲಿ ಸಾಮಾನ್ಯವಾಗಿ 3 ಅಥವಾ 4 ಮೊಟ್ಟೆ. ಮೊಟ್ಟೆ ಯಾವುದು, ನೊರಜುಗಲ್ಲು ಯಾವುದು ಎಂಬುದು ಹತ್ತಿರ ನಿಂತರೂ ತಿಳಿಯದು.

ನಾಯಿಯೋ ನರಿಯೋ ಸುಳಿದರೆ ಕಾವು ಕೂತ ಹಕ್ಕಿ ಸದ್ದಿಲ್ಲದೆ ಗೂಡು ಬಿಟ್ಟು ದೂರ ಓಡುತ್ತದೆ. ಆಮೇಲೆ ಶತ್ರುವಿನ ಕಣ್ಣಿಗೆ ಬೀಳುವಂತೆ ನೆಲಕ್ಕೆ ಒರಗಿ, ಬಾಲ ಹರಡಿ, ರೆಕ್ಕೆ ಮುರಿದಂತೆ ಎಳೆಯುತ್ತಾ ಒದ್ದಾಡುತ್ತದೆ. ಸುಲಭದ ತುತ್ತೆಂದು ನಾಯಿ ಬೆನ್ನಟ್ಟುತ್ತದೆ. ಹಕ್ಕಿ ಸಿಕ್ಕಂತೆ ಮಾಡಿ ಸಿಗದೆ ಮುಂದೆ ಮುಂದೆ ತೆವಳುತ್ತದೆ. ಗೂಡು ದೂರವಾದ ಮೇಲೆ ಪುರ್ರನೆ ಹಾರಿಹೋಗುತ್ತದೆ.

ಇದು ಬರೀ ಗಾಬರಿಯಲ್ಲ. ಗೊರವಗಳು ನಡುನಡುವೆ ತಿರುಗಿ ನೋಡುತ್ತವೆ. ಶತ್ರು ಹಿಂಬಾಲಿಸದಿದ್ದರೆ ಮತ್ತೆ ಹತ್ತಿರ ಬಂದು ಆಟ ಹೂಡುತ್ತವೆ. ಮರಿ ಹೊರಬರುವ ದಿನ ಸಮೀಪಿಸಿದಷ್ಟೂ ಹೆಚ್ಚು ಅಪಾಯಕ್ಕೆ ಎದೆಯೊಡ್ಡುತ್ತವೆ. ಮೋಸವನ್ನು ನಾವು ಹೇಡಿಗಳ ಆಯುಧವೆನ್ನುತ್ತೇವೆ. ಇಲ್ಲಿ ಮೋಸ ಮಾಡುವ ಜೀವ ತನ್ನನ್ನೇ ಪಣಕ್ಕಿಟ್ಟಿದೆ. ಇದಕ್ಕಿಂತ ದೊಡ್ಡ ಧೈರ್ಯ ನನಗಂತೂ ಕಾಣದು.

ಮನುಷ್ಯರ ಮುಂದೆಯೂ ಅದು ಹೀಗೆಯೇ ಒದ್ದಾಡುತ್ತದೆ. ಹೊಳೆದಂಡೆಯಲ್ಲಿ ಹಕ್ಕಿಯೊಂದು ರೆಕ್ಕೆ ಎಳೆಯುತ್ತಾ ಕಂಡರೆ ದಯವಿಟ್ಟು ಹಿಡಿಯಲು ಹೋಗಬೇಡಿ. ಜೊತೆಗಿರುವ ನಾಯಿಯನ್ನು ಕಟ್ಟಿಕೊಳ್ಳಿ, ಕಾಲಡಿ ನೋಡಿಕೊಂಡು ಬಂದ ದಾರಿಯಲ್ಲೇ ಹಿಂತಿರುಗಿ. ಬಿಸಿಲಿಗೆ ಮೊಟ್ಟೆ ಬೇಯುವ ಮೊದಲು ಅದು ಗೂಡಿಗೆ ಮರಳಬೇಕು.