ಬುಲೆಟ್ ರೈಲಿನಲ್ಲಿ ಭೀಮನಬೀಡಿನ ಹೈಕಳು

(ಭೀಮನಬೀಡಿನಲ್ಲಿ ತರುಣರ ಮುಂದೆ ಆಡಿದ ಮಾತುಗಳ ಬರಹ ರೂಪ)



ಭೀಮನಬೀಡಿಗೆ ರೈಲಿಲ್ಲ. ಗುಂಡ್ಲುಪೇಟೆಗೂ ಇಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ, ೧೮೯೧ರಲ್ಲೇ, ನಂಜನಗೂಡಿಗೆ ರೈಲು ಬಂತು. ೧೯೨೦ರ ದಶಕದಲ್ಲಿ ಚಾಮರಾಜನಗರ ಮುಟ್ಟಿತು. ಮುಟ್ಟಿದ್ದು ಅಲ್ಲೇ ನಿಂತಿತು. ನಂಜನಗೂಡಿನಿಂದ ಕಾಡು ದಾಟಿ ಕೇರಳದ ನಿಲಂಬೂರಿಗೆ ಹಳಿ ಹಾಕುವ ಮಾತು ಎಷ್ಟೋ ವರ್ಷಗಳಿಂದ ಕಾಗದದ ಮೇಲಿದೆ. ಆ ಕಾಡು ಬಂಡೀಪುರದ್ದು, ಆ ದಾರಿ ಆನೆಗಳದ್ದು. ಅದು ಬೇರೆ ಜಗಳ, ಇವತ್ತು ಬೇಡ. ಇವತ್ತು ನಾನು ಮಾತಾಡಲು ಹೊರಟಿರುವುದು ಗಂಟೆಗೆ ೨೮೫ ಕಿಲೋಮೀಟರು ಓಡುವ ರೈಲಿನ ಬಗ್ಗೆ. ನಗಬೇಡಿ! ನೀವೇ ಅದನ್ನು ಹತ್ತುವವರು.

ಹೇಗೆ ಅಂತೀರಾ? ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿದ್ದು ೧೯೯೭ರಲ್ಲಿ. ಅಂಥ ಕಾರ್ಖಾನೆಗಳಿಂದ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಂದ ಕೆಲಸದ ಮೇಲೆ ಜಪಾನಿಗೆ ಹೋಗಿಬರುವ ನಮ್ಮ ಹುಡುಗರು, ಹುಡುಗಿಯರು ಎಷ್ಟಿಲ್ಲ? ಟೋಕಿಯೋದಲ್ಲಿ ಇಳಿದು ನಾಗೋಯಾಕ್ಕೋ ಓಸಾಕಾಕ್ಕೋ ಹೋಗಬೇಕೆಂದರೆ ಹತ್ತುವುದು ಅದೇ ರೈಲು. ನಾವು ಬುಲೆಟ್ ರೈಲು ಅಂತೇವೆ. ಅವರು ತಮ್ಮ ಮಾತಿನಲ್ಲಿ ಶಿಂಕಾನ್ಸೆನ್ ಅಂತಾರೆ. ಹೊಸ ಮುಖ್ಯ ಹಳಿ ಅಂತ ಅದರ ಅರ್ಥ. ಇಂಗ್ಲಿಷಿನವರೂ ಈಗ ಅದೇ ಪದ ಬಳಸುತ್ತಾರೆ.

ಅದು ಶುರುವಾದದ್ದು ೧೯೬೪ರ ಅಕ್ಟೋಬರ್ ೧ರಂದು, ಟೋಕಿಯೋ ಒಲಿಂಪಿಕ್ಸಿಗೆ ಹತ್ತು ದಿನವೂ ಇಲ್ಲದಾಗ. ಯುದ್ಧದಲ್ಲಿ ಸುಟ್ಟುಹೋಗಿದ್ದ ದೇಶ, ವಿಶ್ವಬ್ಯಾಂಕಿನಿಂದ ಎಂಟು ಕೋಟಿ ಡಾಲರ್ ಸಾಲ ತಂದು ಸೇರಿಸಿ ಕಟ್ಟಿತು. ಅಂದಿನಿಂದ ಇಂದಿನವರೆಗೆ ರೈಲು ಹಳಿ ತಪ್ಪಿ, ಡಿಕ್ಕಿ ಹೊಡೆದು ಒಬ್ಬ ಪ್ರಯಾಣಿಕನೂ ಸತ್ತಿಲ್ಲ. ೨೦೦೪ರ ಭೂಕಂಪದಲ್ಲಿ ಒಂದು ರೈಲು ಹಳಿ ತಪ್ಪಿತು, ಆಗಲೂ ಯಾರೂ ಸಾಯಲಿಲ್ಲ.

ಈಗ ಕೇಳಿ, ಅಲ್ಲಿ ನೀವು ವಿದೇಶಿ. ಮೊದಲ ಗುಂಡಿ ದುಡ್ಡಿನದು. ಪ್ರವಾಸಿಗಳಿಗೆಂದೇ ಜಪಾನ್ ರೈಲ್ ಪಾಸ್ ಅಂತ ಒಂದಿದೆ. 'ಹೋಗೋ ಮುಂಚೆ ತಗೊಂಡ್ಬಿಡು' ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕದೆ ತಗೋಬೇಡಿ. ಏಳು ದಿನದ ಸಾಮಾನ್ಯ ಪಾಸಿನ ಬೆಲೆಯನ್ನು ೨೦೨೩ರ ಅಕ್ಟೋಬರಿನಲ್ಲಿ ೨೯,೬೫೦ ಯೆನ್ನಿನಿಂದ ಒಂದೇ ಏಟಿಗೆ ೫೦,೦೦೦ಕ್ಕೆ ಏರಿಸಿದರು. ಟೋಕಿಯೋದಿಂದ ನಾಗೋಯಾಕ್ಕೆ ಬಿಡಿ ಟಿಕೆಟ್ಟು ಸುಮಾರು ೧೧,೦೦೦ ಯೆನ್. ಹೋಗಿ ಬರಲು ೨೨,೦೦೦. ಉಳಿದ ದುಡ್ಡು ಯಾರಿಗೆ? ಇನ್ನೊಂದು ಮಾತು. ಈ ಪಾಸು ತಾತ್ಕಾಲಿಕ ಪ್ರವಾಸಿ ಎಂಬ ಮುದ್ರೆ ಪಾಸ್‌ಪೋರ್ಟಿನಲ್ಲಿ ಬಿದ್ದವರಿಗೆ ಮಾತ್ರ. ಕೆಲಸದ ವೀಸಾದಲ್ಲೋ ತರಬೇತಿಯ ವೀಸಾದಲ್ಲೋ ಹೋದರೆ ಕೊಡುವುದಿಲ್ಲ. ನಮ್ಮ ಹುಡುಗರಲ್ಲಿ ಮುಕ್ಕಾಲು ಪಾಲು ಹೋಗುವುದು ಹಾಗೇ ತಾನೇ?

ಎರಡನೆಯದು ರೈಲಿನ ಹೆಸರು. ಒಂದೇ ಹಳಿಯ ಮೇಲೆ ನೊಜೊಮಿ, ಹಿಕಾರಿ, ಕೊದಾಮಾ ಅಂತ ಮೂರು ಬಗೆ ಓಡುತ್ತವೆ. ನೊಜೊಮಿ ದೊಡ್ಡ ಊರುಗಳಲ್ಲಷ್ಟೇ ನಿಲ್ಲುತ್ತದೆ. ನಾಗೋಯಾಕ್ಕೆ ಸುಮಾರು ಒಂದು ಗಂಟೆ ನಲವತ್ತು ನಿಮಿಷ. ಕೊದಾಮಾ ನಮ್ಮ ಪ್ಯಾಸೆಂಜರ್ ಗಾಡಿಯ ಹಾಗೆ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ. ಪಾಸ್ ಇದ್ದವರು ನೊಜೊಮಿ ಹತ್ತಬೇಕಾದರೆ ಮೇಲೆ ದುಡ್ಡು ಕಟ್ಟಬೇಕು. ಟಿಕೆಟ್ಟೂ ಹಲವು ಸಲ ಎರಡು ಚೀಟಿಯಾಗಿ ಬರುತ್ತದೆ. ಒಂದು ದೂರದ ದರ, ಇನ್ನೊಂದು ವೇಗದ ದರ. ನಮ್ಮಲ್ಲಿ ಸೂಪರ್‌ಫಾಸ್ಟ್ ಚಾರ್ಜು ಇಲ್ಲವೇ, ಹಾಗೆ. ಎರಡನ್ನೂ ಒಟ್ಟಿಗೆ ಗೇಟಿಗೆ ತೂರಿಸಿ, ಆ ಕಡೆ ಹೊರಬಂದಾಗ ಮರೆಯದೆ ಎತ್ತಿಕೊಳ್ಳಿ. ಇಳಿಯುವ ಊರಿನಲ್ಲಿ ಮತ್ತೆ ಬೇಕು.

ನಡುವಿನ ಸ್ಟೇಷನ್ನುಗಳಲ್ಲಿ ರೈಲು ಒಂದೆರಡು ನಿಮಿಷ ನಿಂತರೆ ಹೆಚ್ಚು. ನೆಲದ ಮೇಲೆ ಬೋಗಿ ನಂಬರು ಬರೆದಿರುತ್ತಾರೆ, ಬಾಗಿಲು ಸರಿಯಾಗಿ ಅಲ್ಲಿಗೇ ಬರುತ್ತದೆ. ಸೂಟ್‌ಕೇಸಿನ ಉದ್ದ, ಅಗಲ, ಎತ್ತರ ಕೂಡಿಸಿ ೧೬೦ ಸೆಂಟಿಮೀಟರು ಮೀರಿದರೆ ಅದಕ್ಕೂ ಜಾಗ ಕಾದಿರಿಸಬೇಕು. ೨೦೨೦ರಲ್ಲಿ ಬಂದ ನಿಯಮ. ಅವ್ವ ಉಪ್ಪಿನಕಾಯಿ, ಚಟ್ನಿಪುಡಿ, ರಾಗಿಹಿಟ್ಟು ತುಂಬಿ ಕೊಟ್ಟ ದೊಡ್ಡ ಪೆಟ್ಟಿಗೆ ಹೊತ್ತವರು ಇದನ್ನು ನೆನಪಿಡಿ. ಊಟ ಹತ್ತುವ ಮುಂಚೆಯೇ ಕೊಂಡುಕೊಳ್ಳಿ. ಈ ಮಾರ್ಗದ ಸಾಮಾನ್ಯ ಬೋಗಿಗಳಲ್ಲಿ ತಳ್ಳುಗಾಡಿ ಮಾರಾಟ ೨೦೨೩ರಲ್ಲೇ ನಿಂತಿತು. ಮಾಂಸ, ಮೀನು ತಿನ್ನದವರು ಬುತ್ತಿ ಕಟ್ಟಿಕೊಂಡು ಹೋಗುವುದೇ ಕ್ಷೇಮ. ತರಕಾರಿಯ ಸಾರಿಗೂ ಮೀನಿನ ರಸ ಹಾಕುವ ನಾಡು ಅದು. ಟೋಕಿಯೋದಿಂದ ಹೋಗುವಾಗ 'ಇ' ಸೀಟು ಕೇಳಿ. ಮುಕ್ಕಾಲು ಗಂಟೆಯೊಳಗೆ ಬಲಗಡೆ ಫ್ಯೂಜಿ ಬೆಟ್ಟ. ಮೋಡ ಇಲ್ಲದಿದ್ದರೆ!

ಜಪಾನಿ ಭಾಷೆಯ ಒಂದಕ್ಷರ ಬಾರದ ನಮ್ಮ ಹುಡುಗ ಇಷ್ಟೆಲ್ಲ ದಾಟಿ ಹೋಗುತ್ತಾನಲ್ಲ, ಹೇಗೆ? ಇದನ್ನು ಕಣ್ಣಿಟ್ಟು ನೋಡಿ. ಬೋರ್ಡಿನಲ್ಲಿ ಮೊದಲು, ದಪ್ಪಗೆ, ಜಪಾನಿ. ಕೆಳಗೆ ಇಂಗ್ಲಿಷು. ದೊಡ್ಡ ಸ್ಟೇಷನ್ನುಗಳಲ್ಲಿ ಚೀನಿ, ಕೊರಿಯನ್ ಕೂಡ. ಬೋಗಿಯೊಳಗೆ ಮೊದಲು ಜಪಾನಿಯಲ್ಲಿ ಕೂಗುತ್ತಾರೆ, ಆಮೇಲೆ ಇಂಗ್ಲಿಷಿನಲ್ಲಿ. ತಮ್ಮ ಭಾಷೆಯನ್ನು ಮುಂದಿಟ್ಟರೆ ಅತಿಥಿ ಮುನಿಸಿಕೊಂಡಾನು ಎಂಬ ಅಂಜಿಕೆ ಅವರಿಗಿಲ್ಲ. ಅತಿಥಿಗೆ ತಿಳಿಯುವ ಮಾತು ಬರೆದರೆ ತಮ್ಮ ಭಾಷೆ ಕೆಟ್ಟೀತು ಎಂಬ ಅಂಜಿಕೆಯೂ ಇಲ್ಲ. ಹೊರಗಿನವರಿಗೆ ತೊಂದರೆಯಾಗುತ್ತದೆ ಅಂತ ಕನ್ನಡವನ್ನು ಹಿಂದಕ್ಕೆ ತಳ್ಳುವವರು ಟೋಕಿಯೋ ಸ್ಟೇಷನ್ನಿಗೆ ಹೋಗಿ ಹತ್ತು ನಿಮಿಷ ನಿಂತು ಬರಲಿ! ಅಷ್ಟು ದೂರ ಯಾಕೆ? ೨೦೧೭ರ ಹೋರಾಟದ ಮೇಲೆ ನಮ್ಮ ಮೆಟ್ರೋದ ಬೋರ್ಡುಗಳಿಂದ ಹಿಂದಿ ಹೋಯಿತು, ಕನ್ನಡ ಮತ್ತು ಇಂಗ್ಲಿಷು ಉಳಿದವು. ಯಾವ ವಿದೇಶಿ ದಾರಿ ತಪ್ಪಿದ?

ಇನ್ನು ನಮ್ಮ ಕಡೆ ಬರೋಣ. ಮೈಸೂರು-ಬೆಂಗಳೂರು-ಚೆನ್ನೈ ವಂದೇ ಭಾರತ್ ರೈಲು ೨೦೨೨ರ ನವೆಂಬರ್ ೧೧ರಂದು ಹೊರಟಿತು, ದಕ್ಷಿಣ ಭಾರತಕ್ಕೆ ಮೊದಲನೆಯದು. ಮೈಸೂರಿನಿಂದ ಬೆಂಗಳೂರು ೧೪೦ ಕಿಲೋಮೀಟರಿನ ಒಳಗೆ, ಹಿಡಿಯುವುದು ಎರಡು ಗಂಟೆಯ ಸುಮಾರು. ನೊಜೊಮಿ ಆಗಿದ್ದರೆ ನಲವತ್ತು ನಿಮಿಷ. ಇರಲಿ, ವೇಗ ಇವತ್ತಲ್ಲ ನಾಳೆ ಬಂದೀತು.

ಬಂಡೀಪುರ ನೋಡಲು ಬರುವ ವಿದೇಶಿಗೆ ನಮ್ಮ ರೈಲ್ವೆ ಒಂದು ಅನುಕೂಲ ಮಾಡಿಟ್ಟಿದೆ. ಆಯ್ದ ರೈಲುಗಳಲ್ಲಿ ವಿದೇಶಿ ಪ್ರವಾಸಿ ಕೋಟಾ ಇದೆ, ೩೬೫ ದಿನ ಮುಂಚೆಯೇ ಟಿಕೆಟ್ ಕಾದಿರಿಸಬಹುದು. ನಮಗೆ ನಿಮಗೆ ೨೦೨೪ರ ನವೆಂಬರಿನಿಂದ ಅದು ಅರವತ್ತೇ ದಿನ. ಬರಲಿ ಪಾಪ, ದೂರದಿಂದ ಬರುವವನು, ಅವನ ಮೇಲೆ ನನಗೆ ಸಿಟ್ಟಿಲ್ಲ.

ಆದರೆ ನಿಮ್ಮ ಅವ್ವ? ಚಾಮರಾಜನಗರದಿಂದ ತಿರುಪತಿಯ ರೈಲು ಹತ್ತಬೇಕು ಅಂತಿಟ್ಟುಕೊಳ್ಳಿ. ಕಾದಿರಿಸುವ ಐಆರ್‌ಸಿಟಿಸಿ ತಾಣ ಇಂಗ್ಲಿಷು, ಹಿಂದಿ. ಮೊಬೈಲಿಗೆ ಬರುವ ಬೋಗಿ, ಸೀಟಿನ ಸಂದೇಶ ಇಂಗ್ಲಿಷು. ಆಕೆ ಕನ್ನಡ ಓದಬಲ್ಲಳು. ಆದರೂ ಪಕ್ಕದ ಮನೆಯ ಹೈದನನ್ನು ಕರೆದು 'ಇದೇನಪ್ಪ, ಓದಿ ಹೇಳು' ಅನ್ನಬೇಕು. ತನ್ನದೇ ಜಿಲ್ಲೆಯ ಸ್ಟೇಷನ್ನಿನಲ್ಲಿ ಆಕೆ ವಿದೇಶಿ. ನಾಗೋಯಾದಲ್ಲಿ ನಿಮಗೆ ಸಿಕ್ಕಿದ ಅನುಕೂಲದಲ್ಲಿ ಕಾಲುಪಾಲೂ ಆಕೆಗಿಲ್ಲ!

ಹಾಗಂತ ಇಲ್ಲಿ ಕೂತು ಬೈದರೆ ಬೋರ್ಡು ಬದಲಾಗುವುದಿಲ್ಲ. ಮುಂದಿನ ಸಲ ನೀವು ಬೆಂಗಳೂರಿನಿಂದ ಊರಿಗೆ ಬರುವಾಗ ಬೋಗಿಯೊಳಗಿನ ಫಲಕ ನೋಡಿ, ಕೂಗುವ ಮಾತು ಕೇಳಿ. ಕನ್ನಡ ಇಲ್ಲದಿದ್ದರೆ ರೈಲಿನ ನಂಬರು, ಬೋಗಿಯ ನಂಬರು, ತಾರೀಕು, ಹೊತ್ತು ಬರೆದುಕೊಳ್ಳಿ. ೧೩೯ಕ್ಕೆ ಫೋನು ಮಾಡಿ, ಕನ್ನಡವನ್ನೇ ಆರಿಸಿ, ದೂರು ಬರೆಸಿ. ಕೊಟ್ಟ ದೂರಿನ ನಂಬರು ಇಟ್ಟುಕೊಳ್ಳಿ. ವಾರ ಬಿಟ್ಟು ಆ ನಂಬರು ಹೇಳಿ ಮತ್ತೆ ಕೇಳಿ.